ಆಲ್ಕೋ ದನಿಗೆ ಮೂರು ಡಿಕೋಡರ್: ಅಪ್ಪನ ಕಿವಿಯೇ ಪರೀಕ್ಷಕ

ಅಪ್ಪ ಕೃಷ್ಣರಾಜಪುರದ ಡೀಸೆಲ್ ಲೋಕೋ ಶೆಡ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆಲ್ಕೋ ಎಂಜಿನ್ ಎದುರು ನಿಲ್ಲದೆಯೇ ಅದು ಎಷ್ಟನೆಯ ನಾಚ್‌ನಲ್ಲಿದೆ (ಚಾಲಕ ಶಕ್ತಿ ಏರಿಸುವ ಮೆಟ್ಟಿಲು) ಎಂದು ಹೇಳಬಲ್ಲರು. ಆದ್ದರಿಂದ ನನ್ನ ಎಚ್‌ಒ ಅಳತೆಯ (ನಿಜದ 87ನೆಯ ಒಂದು ಪಾಲು) ಮಾದರಿ ಲೋಕೋಗೆ ಹೊಸ ಸೌಂಡ್ ಡಿಕೋಡರ್ (ಕಂಟ್ರೋಲರಿನ ಆದೇಶದಂತೆ ಮೋಟಾರನ್ನೂ ದನಿಯನ್ನೂ ನಡೆಸುವ ಪುಟ್ಟ ಸರ್ಕ್ಯೂಟ್) ಹಾಕಲು ಹೊರಟಾಗ ತೀರ್ಪುಗಾರರನ್ನು ಹೊರಗೆ ಹುಡುಕಬೇಕಾಗಲಿಲ್ಲ. ಅವರು ಪಕ್ಕದ ಕೋಣೆಯಲ್ಲಿ ಪತ್ರಿಕೆ ಹಿಡಿದು ಕುಳಿತರು, ನಾನು ಹಳಿಯ ಬಳಿ.

ಲೋಕೋ ಅಮೆರಿಕದ ಸೆಂಚುರಿ 424ರ ಮಾದರಿ, ಸೆಕೆಂಡ್‌ಹ್ಯಾಂಡ್. ನಮ್ಮ ರೈಲ್ವೆಯ ಡೀಸೆಲ್ ಲೋಕೋ ಡಬ್ಲ್ಯುಡಿಎಂ-2ಗೂ ಇದಕ್ಕೂ ದಾಯಾದಿ ಸಂಬಂಧವಿದೆ. ಎರಡರ ಹೊಟ್ಟೆಯಲ್ಲೂ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಆಲ್ಕೋ ಕಂಪನಿ ರೂಪಿಸಿದ 16 ಸಿಲಿಂಡರಿನ 251ಬಿ ಎಂಜಿನ್. ಅಲ್ಲಿ 2,400 ಅಶ್ವಶಕ್ತಿ, ಇಲ್ಲಿ 2,600. ಆಲ್ಕೋ 1969ರಲ್ಲಿ ಲೋಕೋ ತಯಾರಿಕೆ ನಿಲ್ಲಿಸಿತು. ವಾರಾಣಸಿಯ ಕಾರ್ಖಾನೆ ಆ ಮನೆತನವನ್ನು ದಶಕಗಳ ಕಾಲ ಮುಂದುವರಿಸಿತು. ನನಗೆ ಬೇಕಾಗಿದ್ದದ್ದು ಆ ದನಿ: ನಿಂತಲ್ಲೇ ಕುಂಟುತ್ತಾ ಕುದಿಯುವ ಐಡ್ಲಿಂಗ್, ನಾಚ್ ಏರಿಸಿದಾಗ ಮೊದಲು ಗಂಟಲು ಬಿಗಿಹಿಡಿದಂತೆ ಗುಡುಗಿ ಆಮೇಲೆ ನಿಧಾನವಾಗಿ ಏಳುವ ಟರ್ಬೋ ಶಿಳ್ಳೆ. ಇಂಧನ ತಕ್ಷಣ ಹೆಚ್ಚುತ್ತದೆ, ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋ ವೇಗ ಹಿಡಿಯಲು ಸಮಯ ಬೇಕು. ಆ ನಡುವಿನ ಕೊರತೆಯೇ ಆಲ್ಕೋದ ಕರಿಹೊಗೆ. ಆ ತಡ ಕೇಳಿಸದಿದ್ದರೆ ಡಿಕೋಡರ್ ಎಷ್ಟೇ ದುಬಾರಿಯಾದರೂ ನನಗೆ ಬೇಡ.

ಒಳಗಿದ್ದದ್ದು ಹಳೆಯ ಲೋಕ್‌ಸೌಂಡ್ 3.5 ಡಿಕೋಡರ್. ಹಿಂದಿನ ಒಡೆಯರು 21 ಪಿನ್‌ನ ಬೋರ್ಡ್ ಕೂರಿಸಿದ್ದರಿಂದ ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದರೆ ಮುಗಿಯಿತು ಎಂದುಕೊಂಡೆ. ದನಿ ಬಂತು, ಆದರೆ ಕಂಬಳಿಯೊಳಗಿನಿಂದ ಕೆಮ್ಮಿದಂತೆ. ತಪ್ಪು ನನ್ನದೇ. ಆ ಕಾಲದ ಡಿಕೋಡರಿಗೆ 100 ಓಮ್ ಸ್ಪೀಕರ್ ಬೇಕಿತ್ತು, ಈಗಿನವಕ್ಕೆ 4 ಅಥವಾ 8 ಓಮ್. ಹಳೆಯ ಸ್ಪೀಕರನ್ನೇ ಉಳಿಸಿದ್ದೆ. ಅದನ್ನು ತೆಗೆದು, ಮೊಬೈಲ್ ಫೋನಿನಲ್ಲಿರುವಂತಹ 11x15 ಮಿಲಿಮೀಟರಿನ ಎರಡು ಪುಟ್ಟ 8 ಓಮ್ ಸ್ಪೀಕರ್‌ಗಳನ್ನು ಪೆಟ್ಟಿಗೆಯ ಸಮೇತ ಕೂರಿಸಿದೆ; ಸರಣಿಯಲ್ಲಿ ಜೋಡಿಸಿದ್ದರಿಂದ ಒಟ್ಟು 16 ಓಮ್, ಈಗಿನ ಡಿಕೋಡರಿಗೆ ಅದರಿಂದ ಅಪಾಯವಿಲ್ಲ. ಪೆಟ್ಟಿಗೆಯ ಅಂಚಿನಲ್ಲಿ ಗಾಳಿ ಸೋರದಂತೆ ಅಂಟು ಹಚ್ಚಿದ ಮೇಲೆ ಬಂದ ವ್ಯತ್ಯಾಸ, ಆಮೇಲೆ ಮೂರು ಡಿಕೋಡರ್‌ಗಳ ನಡುವೆ ಕಂಡದ್ದಕ್ಕಿಂತ ದೊಡ್ಡದಿತ್ತು. ಹಣ ಒಂದಕ್ಕೇ ಸಾಲುವಂತಿದ್ದರೆ ಮೊದಲು ಸ್ಪೀಕರಿನ ಕಡೆ ನೋಡಿ.

ಮೊದಲ ಸರದಿ ಸೌಂಡ್‌ಟ್ರ್ಯಾಕ್ಸ್‌ನ ಸುನಾಮಿ2, ಆಲ್ಕೋ ಆವೃತ್ತಿ. ಕೊಲರಾಡೊದ ಡುರಾಂಗೊದವರದು. ಕಂಪ್ಯೂಟರ್ ಬೇಡ, ಬೇರೆ ಯಂತ್ರ ಬೇಡ. ಎಂಜಿನ್‌ಗಳೂ ಹಾರ್ನ್‌ಗಳೂ ಒಳಗೇ ತುಂಬಿರುತ್ತವೆ. ಕೈಯಲ್ಲಿರುವ ಕಂಟ್ರೋಲರಿನಿಂದ ಸಿವಿ (ಡಿಕೋಡರಿನ ಸೆಟ್ಟಿಂಗ್) ಸಂಖ್ಯೆ ಬದಲಿಸಿ ಆರಿಸಿಕೊಂಡರಾಯಿತು. ಏಳು ಪಟ್ಟಿಯ ಈಕ್ವಲೈಸರ್ ಇರುವುದು ದೊಡ್ಡ ಉಪಕಾರ. ಈ ಪುಟ್ಟ ಸ್ಪೀಕರ್‌ಗಳು ಕೆಳಸ್ವರವನ್ನು ಹೇಗೂ ನುಡಿಸಲಾರವು. ಕೆಳಗಿನ ಎರಡು ಪಟ್ಟಿ ಇಳಿಸಿದೊಡನೆ ಕರಕರ ಸದ್ದು ಹೋಯಿತು. ಇದು ನನ್ನನ್ನು ಗೆದ್ದದ್ದು ಏರಿನಲ್ಲಿ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಂತೆ 50ಕ್ಕೆ 1ರ ಏರು ಕಟ್ಟಿಟ್ಟಿದ್ದೇನೆ. ಹನ್ನೆರಡು ವ್ಯಾಗನ್ ಹೂಡಿ ಬಿಟ್ಟಾಗ, ಮೋಟಾರಿನ ಮೇಲೆ ಬಿದ್ದ ಹೊರೆಯನ್ನು ಅದೇ ಅಳೆದು ದನಿ ಏರಿಸಿತು, ಇಳಿಜಾರಿನಲ್ಲಿ ತಾನೇ ತಣ್ಣಗಾಯಿತು. ನಾನು ಗುಂಡಿ ಮುಟ್ಟಲೇ ಇಲ್ಲ.

ಅಪ್ಪ ಒಳಗಿನಿಂದಲೇ ಕೂಗಿದರು: "ಎಂಜಿನ್ ಪರವಾಗಿಲ್ಲ ಕಣೋ. ಆದರೆ ಆ ಹಾರ್ನ್ ಯಾವ ಊರಿನದು?"

ಅಲ್ಲೇ ತೊಡಕು. ಅಮೆರಿಕದ ಹಾರ್ನ್ ಮೂರು, ಐದು ಕಹಳೆಗಳ ಮೇಳ. ಸುನಾಮಿ2ರಲ್ಲಿ ಅವುಗಳ ಆಯ್ಕೆ ಸಾಕಷ್ಟಿದೆ, ಆದರೆ ಹೊರಗಿನ ದನಿಯನ್ನು ನಾವು ತುಂಬುವ ಹಾಗಿಲ್ಲ. ಅದನ್ನು ರೂಪಿಸಿರುವುದೇ ಹಾಗೆ, ಕುಂದು ಎನ್ನಲಾಗದು. ಕೃಷ್ಣರಾಜಪುರದ ಕಿವಿಗೆ ಮಾತ್ರ ಅದು ಪರದೇಶಿ.

ವಿಯೆನ್ನಾದ ಜಿಮೊ ಎಂಎಸ್440 ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೋಟಾರನ್ನು ಮೂರರಲ್ಲಿ ಅತ್ಯಂತ ನಯವಾಗಿ ನಡೆಸಿದ್ದು ಇದೇ. ಮೊದಲ ವೇಗಹಂತದಲ್ಲಿ ಲೋಕೋ ಇರುವೆಯಂತೆ ಹರಿಯಿತು. 16 ವೋಲ್ಟ್ ಕೆಪಾಸಿಟರನ್ನು ನೇರವಾಗಿ ಜೋಡಿಸಬಹುದಾದ್ದರಿಂದ ಹಳಿಯ ಕೊಳೆಯ ಮೇಲೂ ದನಿ ಮುಗ್ಗರಿಸಲಿಲ್ಲ. ಆದರೆ ಅದರ ದನಿ ಭಂಡಾರದ ಒಲವು ಯುರೋಪಿನ ಕಡೆ. ನಾನು ತುಂಬಿಸಿದ ಆಲ್ಕೋ ನನಗೆ ಒಗ್ಗಲಿಲ್ಲ. ಜರ್ಮನಿಯ ಉಗಿ ಎಂಜಿನ್ ಇಟ್ಟುಕೊಂಡವರು ಇದರಿಂದಲೇ ಆರಂಭಿಸಲಿ.

ಇನ್ನು ಜರ್ಮನಿಯ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5. ನಮ್ಮದೇ ದನಿ ತುಂಬಲು ಇದರ ಜೊತೆ ಲೋಕ್‌ಪ್ರೋಗ್ರಾಮರ್ ಎಂಬ ಪೆಟ್ಟಿಗೆಯನ್ನೂ ಕೊಳ್ಳಬೇಕು, ಅದು ಡಿಕೋಡರಿಗಿಂತ ದುಬಾರಿ. ಒಂದೇ ಲೋಕೋ ಇರುವವರಿಗೆ ಇದು ಮೂಗಿಗಿಂತ ಮೂಗುತಿ ಭಾರ. ನನ್ನ ಬಳಿ ಆರಿವೆ. ಮೋಟಾರಿಗೆ ತಾನೇ ಹೊಂದಿಕೊಳ್ಳುವ ವಿಧಾನ ಸೊಗಸಾಗಿದೆ: ಸಿವಿ 54ಕ್ಕೆ 0 ಬರೆದು ಕಂಟ್ರೋಲರಿನ ಎಫ್1 ಗುಂಡಿ ಒತ್ತಬೇಕು. ಆಗ ಲೋಕೋ ಪೂರ್ತಿ ವೇಗದಲ್ಲಿ ಸುಮಾರು ಒಂದೂವರೆ ಸೆಕೆಂಡ್ ನುಗ್ಗುತ್ತದೆ. ಕೈಪಿಡಿಯ ಆ ಸಾಲನ್ನು ಓದಿಯೂ ಮೇಜಿನ ಮೇಲಿನ ಎರಡು ಅಡಿ ಹಳಿಯಲ್ಲಿ ಒತ್ತಿದ ಮಹಾಶಯ ನಾನೇ. ಅಂಚಿನಲ್ಲಿ ದಿಂಬು ಇದ್ದದ್ದು ಪುಣ್ಯ.

251ರ ದನಿಯಲ್ಲಿ ಟರ್ಬೋ ತಡವಾಗಿ ಏಳುವುದು ಇಲ್ಲಿ ಸ್ಪಷ್ಟವಾಗಿ ಕೇಳಿಸಿತು. ಹೊರೆಗೆ ತಕ್ಕಂತೆ ದನಿಯನ್ನು ಬಾಗಿಸಲು ಡ್ರೈವ್ ಹೋಲ್ಡ್ ಇದೆ: ಗುಂಡಿ ಒತ್ತಿದರೆ ವೇಗ ಇದ್ದಲ್ಲೇ ನಿಲ್ಲುತ್ತದೆ, ತಿರುಗಣೆ ಎಂಜಿನ್ನಿನ ನಾಚನ್ನು ಮಾತ್ರ ಏರಿಳಿಸುತ್ತದೆ. ಸುನಾಮಿ2 ತಾನೇ ಮಾಡಿದ್ದನ್ನು ಇಲ್ಲಿ ನಾನು ಚಾಲಕನಾಗಿ ಮಾಡಬೇಕಾಯಿತು. ಮಕ್ಕಳ ಕೈಗೆ ಕೊಡುವುದಾದರೆ ಸುನಾಮಿ2 ಮೇಲು. ಅಪ್ಪನ ಕೈಗೆ ಕೊಟ್ಟೆ. ಅವರು ಏರಿನ ಬುಡದಲ್ಲೇ ಎಂಟನೆಯ ನಾಚಿಗೆ ಎತ್ತಿ ತುದಿ ಬರುವವರೆಗೆ ಇಳಿಸಲಿಲ್ಲ.

ಉಳಿದದ್ದು ಹಾರ್ನ್. 128 ಮೆಗಾಬಿಟ್ ಸ್ಮರಣೆಯಲ್ಲಿ ಒಟ್ಟು ನಾಲ್ಕೂವರೆ ನಿಮಿಷದಷ್ಟು ದನಿ ಹಿಡಿಯುತ್ತದೆ, ಹಾರ್ನಿಗೆ ಬೇಕಾದದ್ದು ಕೆಲವೇ ಸೆಕೆಂಡ್. ಮೂರು ತುಂಡು ಮಾಡಬೇಕು: ಆರಂಭ, ಗುಂಡಿ ಒತ್ತಿರುವವರೆಗೆ ಸುತ್ತುವ ನಡು, ಕೊನೆ. ನಡುವಿನ ತುಂಡಿನ ಎರಡು ತುದಿ ಸರಿಯಾಗಿ ಕೂಡದಿದ್ದರೆ ಸುತ್ತುಸುತ್ತಿಗೂ ಟಕ್ ಎನ್ನುತ್ತದೆ. ನನಗೆ ಎರಡು ರಾತ್ರಿ ಹಿಡಿಯಿತು.

ಈಗ ಲೋಕ್‌ಸೌಂಡ್ 5 ಸೆಂಚುರಿಯಲ್ಲೇ ನೆಲೆಸಿದೆ. ಸುನಾಮಿ2 ಇನ್ನೊಂದು ಆಲ್ಕೋ ಶಂಟಿಂಗ್ ಎಂಜಿನ್ನಿಗೆ ಹೋಯಿತು, ಅಲ್ಲಿ ಹಾರ್ನಿನ ಊರು ಯಾರೂ ಕೇಳುವುದಿಲ್ಲ. ಜಿಮೊವನ್ನು ಕೊಂಡ ಬೆಲೆಗೇ ಗೆಳೆಯರೊಬ್ಬರು ಒಯ್ದರು. ಹಾರ್ನನ್ನು ನಾನು ಕೃಷ್ಣರಾಜಪುರದ ಪ್ಲಾಟ್‌ಫಾರ್ಮಿನಲ್ಲಿ ಫೋನಿನಿಂದ ಹಿಡಿದದ್ದು. ಅದರ ಬಾಲದಲ್ಲಿ ಚಹಾ ಮಾರುವವನ ಅರ್ಧ ಕೂಗು ಉಳಿದುಬಿಟ್ಟಿದೆ. ಕತ್ತರಿಸಲು ಹೊರಟೆ, ಅಪ್ಪ ಬಿಡಲಿಲ್ಲ.