ದಂತವರ್ಣ ಮತ್ತು ಕಡುಹಸಿರು: ಒಂದೇ ಕೋಣೆಯಲ್ಲಿ ಹಲವು ಮಳೆಗಾಲ

ಮಲೆನಾಡಿನ ನಮ್ಮ ಮನೆಯ ಓದುವ ಕೋಣೆಗೆ ಇರುವುದು ಉತ್ತರ ದಿಕ್ಕಿನ ಒಂದೇ ಕಿಟಕಿ. ಕಿಟಕಿಗೆ ಎದುರಾದ ಗೋಡೆಗೆ ಕಡುಹಸಿರನ್ನೂ ಉಳಿದ ಮೂರಕ್ಕೆ ದಂತವರ್ಣವನ್ನೂ ಬಳಿಸಿ ಹಲವು ಮಳೆಗಾಲಗಳು ಕಳೆದಿವೆ. ಎರಡೂ ಒಂದೇ ಕಂಪನಿಯ, ಒಂದೇ ದರ್ಜೆಯ ಮ್ಯಾಟ್ (ಹೊಳಪಿಲ್ಲದ) ಎಮಲ್ಷನ್ ಆಗಿರುವುದರಿಂದ ಈ ಹೋಲಿಕೆ ಕೇವಲ ಬಣ್ಣಕ್ಕೆ ಸಂಬಂಧಿಸಿದ್ದು.

ಬಣ್ಣವು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು 0ಯಿಂದ 100ರವರೆಗಿನ ಎಲ್‌ಆರ್‌ವಿ (ಲೈಟ್ ರಿಫ್ಲೆಕ್ಟೆನ್ಸ್ ವ್ಯಾಲ್ಯೂ) ಅಂಕಿ ಸೂಚಿಸುತ್ತದೆ. ಅಂಕಿ ಹೆಚ್ಚಿದಷ್ಟೂ ಕೋಣೆ ಬೆಳಗುತ್ತದೆ. ಆಷಾಢದ ಮೋಡ ಕವಿದ ಹಗಲುಗಳಲ್ಲಿ, ಕರೆಂಟೂ ಇಲ್ಲದಿರುವಾಗ, ದಂತವರ್ಣದ ಗೋಡೆಯ ಪಕ್ಕದಲ್ಲಿ ಪುಸ್ತಕ ಓದಲು ಸಾಧ್ಯವಾಗುತ್ತದೆ. ಹಸಿರು ಗೋಡೆಯಾದರೋ ಆಗ ಬಹುತೇಕ ಕಪ್ಪಾಗಿ ಕಾಣುತ್ತದೆ. ಕಿಟಕಿ ಇರುವ ಗೋಡೆಗೇ ಈ ಹಸಿರನ್ನು ಬಳಿದಿದ್ದರೆ, ಬೆಳಕಿನ ಚೌಕದ ಸುತ್ತಲಿನ ಕತ್ತಲೆ ಕಣ್ಣಿಗೆ ಇನ್ನಷ್ಟು ಚುಚ್ಚುತ್ತಿತ್ತು. ಸಂಜೆ 2700 ಕೆಲ್ವಿನ್‌ನ ಹಳದಿ ದೀಪ ಹಚ್ಚಿದಾಗ ಮಾತ್ರ ನಮ್ಮ ಹಸಿರು ಗೋಡೆಗೆ ಸಮನಾದದ್ದು ಮನೆಯಲ್ಲಿ ಮತ್ತೊಂದಿಲ್ಲ: ಬಣ್ಣ ಆಳವಾಗುತ್ತದೆ, ಕಪಾಟಿನ ಬೀಟೆ ಮರ ಎದ್ದು ಕಾಣುತ್ತದೆ. 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟಿನಡಿ ಅದೇ ಹಸಿರು ಬೂದು ತಿರುಗುತ್ತದೆ. ಆದ್ದರಿಂದ ಬಣ್ಣದ ಚೀಟಿಯನ್ನು ಅಂಗಡಿಯಲ್ಲಿ ನೋಡಿ ತೀರ್ಮಾನಿಸದೆ, ನಿಮ್ಮದೇ ದೀಪದಡಿ, ನಿಮ್ಮದೇ ಗೋಡೆಯ ಮೇಲೆ ಒಂದು ಮೊಳದಷ್ಟು ಬಳಿದು ನೋಡಿ.

ಖರ್ಚಿನಲ್ಲಿ ಹಸಿರೇ ದುಬಾರಿ. ಕಡುಬಣ್ಣದ ಬೇಸ್‌ನಲ್ಲಿ (ಬಣ್ಣ ಬೆರೆಸುವ ಮೊದಲಿನ ಮೂಲ ಪೇಂಟಿನಲ್ಲಿ) ಹಿಂದಿನ ಬಣ್ಣವನ್ನು ಮುಚ್ಚುವ ಟೈಟಾನಿಯಂ ಡೈಆಕ್ಸೈಡ್ ಕಡಿಮೆ ಇರುವುದರಿಂದ, ದಂತವರ್ಣಕ್ಕೆ ಎರಡು ಕೋಟ್ ಸಾಕಾದ ಕಡೆ ಇದಕ್ಕೆ ಮೂರು ಬೇಕಾದವು.

ನಿರ್ವಹಣೆಯಲ್ಲಿ ಎರಡರ ಸ್ವಭಾವವೂ ಬೇರೆ. ದಂತವರ್ಣದ ಮೇಲೆ ಸ್ವಿಚ್‌ಬೋರ್ಡ್ ಸುತ್ತಲಿನ ಕೈಗುರುತೂ ಮೂಲೆಯ ಬೂಷ್ಟಿನ ಕಪ್ಪು ಚುಕ್ಕೆಯೂ ಬೇಗ ಕಾಣುತ್ತವೆ. ಬೂಷ್ಟಿನ ವಿಷಯದಲ್ಲಿ ಇದನ್ನು ನಾನು ಗುಣವೆಂದೇ ಎಣಿಸುತ್ತೇನೆ, ಬೇಗ ಕಂಡರೆ ಬೇಗ ಒರೆಸಬಹುದು. ಹಸಿರಿನ ಮೇಲೆ ಧೂಳು, ಜೇಡರ ಬಲೆ, ತೇವದಿಂದ ಹೊರಬರುವ ಬಿಳಿ ಉಪ್ಪು ಎದ್ದು ಕಾಣುತ್ತವೆ, ಕುರ್ಚಿಯ ಬೆನ್ನು ಉಜ್ಜಿದ ಜಾಗ ಹೊಳಪಾಗುತ್ತದೆ. ತೇಪೆಯಂತೆ ಅಲ್ಲಲ್ಲಿ ಬಳಿದರೆ ಗುರುತು ಉಳಿಯುವುದರಿಂದ ಇಡೀ ಗೋಡೆಗೇ ಬಣ್ಣ ಕೊಡಿಸಬೇಕಾಗುತ್ತದೆ.

ಇಷ್ಟಾದರೂ ಮುಂದಿನ ಸಲವೂ ಆ ಒಂದು ಗೋಡೆಗೆ ಹಸಿರನ್ನೇ ಬಳಿಸುತ್ತೇನೆ, ಆದರೆ ಒರೆಸಲು ಸುಲಭವಾದ, ತುಸು ಹೊಳಪಿನ ಸ್ಯಾಟಿನ್ ಪೇಂಟಿನಲ್ಲಿ. ಸ್ಯಾಟಿನ್ ಹೊಳಪು ಗೋಡೆಯ ಉಬ್ಬುತಗ್ಗುಗಳನ್ನೆಲ್ಲ ಎತ್ತಿ ತೋರಿಸುವುದರಿಂದ, ಮೊದಲು ಪುಟ್ಟಿ ಹಚ್ಚಿ ನುಣುಪಾಗಿ ಉಜ್ಜಿಸುವುದು ಅಗತ್ಯ.