ಶಂಖದ ಹೆಸರು ಹುಡುಕಲು ಫೋನೋ, ಗಡಿಯಾರದವರ ಮಸೂರವೋ?

ಕಾರವಾರದಿಂದ ತಂದ ಸಣ್ಣ ಶಂಖಗಳು, ಕಡಲೆಕಾಳಿನಷ್ಟರಿಂದ ಅಡಿಕೆಯಷ್ಟರವರೆಗೆ, ಧಾರವಾಡದ ನಮ್ಮ ಮನೆಯ ಖಾಲಿ ಪೇಡೆ ಡಬ್ಬಿಯಲ್ಲಿದ್ದವು. ನೀರು ಇಳಿದಾಗ ಬಂಡೆ ಸಂದಿಯಿಂದ, ಮರಳಿನಿಂದ ಆರಿಸಿದ್ದು. ಎಲ್ಲ ಖಾಲಿ ಅಂದುಕೊಂಡಿದ್ದೆ; ಒಂದರೊಳಗೆ ಸನ್ಯಾಸಿ ಏಡಿ ಇತ್ತೆಂದು ಮೂರನೇ ದಿನ ನಾತವೇ ಹೇಳಿತು.

ಹೆಸರು ಪತ್ತೆಗೆ ಎರಡು ದಾರಿ ಹಿಡಿದೆ. ಒಂದು, ಫೋಟೊ ತೋರಿಸಿದರೆ ಹೆಸರು ಹೇಳುವ ಆ್ಯಪ್. ಇನ್ನೊಂದು, ಗಡಿಯಾರ ರಿಪೇರಿಯವರಿಂದ ಕಡ ತಂದ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ. “ಶಂಖಕ್ಕೂ ಸೆಲ್ ಹಾಕ್ತೀರೇನ್ರೀ ಸರ?” ಅಂತ ನಗುತ್ತಲೇ ಕೊಟ್ಟರು.

ನೆರೀಟಾ ಎಂಬ ಶಂಖದಲ್ಲಿ ಆ್ಯಪ್, ಮಸೂರ ಇಬ್ಬರೂ ಪಾಸು. ಅರ್ಧಚಂದ್ರದಂಥ ಬಾಯಿ, ಒಳತುಟಿಗೆ ಚಪ್ಪಟೆ ಕಟ್ಟೆ, ಕಟ್ಟೆಯ ಅಂಚಿಗೆ ಹಲ್ಲು. ಒಳಹುಳು ಬಾಯಿ ಮುಚ್ಚಿಕೊಳ್ಳುವ ಮುಚ್ಚಳ ಉಳಿದಿದ್ದರೆ ಅದು ಸುಣ್ಣದ್ದು, ಉಗುರಿನಿಂದ ತಟ್ಟಿದರೆ ಟಕ್ ಅನ್ನುತ್ತದೆ.

ಜಗಳ ಶುರುವಾಗಿದ್ದು ಕಪ್ಪು-ಬಿಳಿ ಪಟ್ಟೆಯ ಒಂದು ಶಂಖದಿಂದ. ಬೆನ್ನಿನ ಫೋಟೊ ಕೊಟ್ಟೆ. ಆ್ಯಪ್ ಇದು ಲಿಟೊರಿನಾ ಎಂಬ ಶಂಖಗಳ ಬಳಗದ್ದು ಅಂದಿತು. ನನಗೂ ಹಾಗೇ ಕಂಡಿತ್ತು. ಮಸೂರ ಕಣ್ಣಿಗಿಟ್ಟು ಬಾಯಿ ತಿರುಗಿಸಿದರೆ, ಬುಡದಲ್ಲಿ ಸೂಜಿಮೊನೆಯಿಂದ ಚಿವುಟಿದಂತೆ ಒಂದು ಕಚ್ಚು. ಒಳಹುಳು ನೀರೆಳೆಯುವ ಕೊಳವೆಯನ್ನು ಹೊರಚಾಚುವ ಜಾಗ ಅದು. ಲಿಟೊರಿನಾ ಬಳಗಕ್ಕೆ ಈ ಕಚ್ಚು ಇರುವುದಿಲ್ಲ. ಬಾಯಿಯ ಅಂಚು ಮುರಿಯದೆ ಸುತ್ತಿ ಬರುತ್ತದೆ. ಕಚ್ಚಿನ ಜೊತೆಗೆ ಬೆನ್ನ ಮೇಲೆ ಸುತ್ತುಸುತ್ತಿನ ಗೀರು ಬೇರೆ. ಅಂದಮೇಲೆ ಇದು ಪ್ಲಾನಾಕ್ಸಿಸ್ ಎಂಬ ಬೇರೆ ಶಂಖ. ಸುಮ್ಮನಿರದೆ ಬಾಯಿ ಕಡೆಯ ಫೋಟೊ ತೆಗೆದು ಮತ್ತೆ ಕೊಟ್ಟೆ. ಈ ಸಲ ಆ್ಯಪ್ ಕೂಡ ಪ್ಲಾನಾಕ್ಸಿಸ್ ಅಂದಿತು! ತಪ್ಪು ಯಾರದು ಅಂತ ಆಗ ತಿಳಿಯಿತು.

ಗುಂಡಿಯಂಥ ಚಪ್ಪಟೆ ಶಂಖಗಳಲ್ಲಿ ಮಾತ್ರ ನಾನೇ ಸೋತೆ. ಬೂದು, ಗುಲಾಬಿ, ಕಂದು ಅಂತ ಮೂರು ಗುಡ್ಡೆ ಮಾಡಿ ಮೂರು ಜಾತಿ ಅಂದುಕೊಂಡಿದ್ದೆ. ಆ್ಯಪ್ ಮೂರಕ್ಕೂ ಉಂಬೋನಿಯಮ್ ಅಂದಿತು, ಅದೇ ಸರಿ. ಇದರ ಬಣ್ಣಕ್ಕೆ ಲೆಕ್ಕವೇ ಇಲ್ಲ. ಅಡಿಮೇಲು ಮಾಡಿ ಮಸೂರದಲ್ಲಿ ನೋಡಿದಾಗ ಮೂರರ ಹೊಟ್ಟೆಯಲ್ಲೂ ಒಂದೇ ತೆರನ ನುಣುಪಾದ ದಪ್ಪ ಬಿಲ್ಲೆ ಇತ್ತು.

ಅವಸರವಿದ್ದವರಿಗೆ ಫೋನ್ ಸಾಕು, ಆದರೆ ಬೆನ್ನು, ಬಾಯಿ ಎರಡರ ಫೋಟೊ ಬೇಕು. ನನಗೆ ಮಸೂರವೇ ಹೆಚ್ಚು ಹಿಡಿಸಿತು. ವಾಪಸ್ ಕೊಡಲು ಮನಸ್ಸಾಗದೆ ಇನ್ನೂ ಮೇಜಿನ ಮೇಲಿದೆ. ಅಸಲಿ ಲಿಟೊರಿನಾ ಬಳಗದ ಎರಡು ಉಳಿದಿವೆ. ಬಂಡೆಯ ತೀರ ಮೇಲ್ಗಡೆ ಸಿಕ್ಕವು. ಅವುಗಳ ಜಾತಿ ಬಿಡಿಸಲು ಎಷ್ಟೋ ಸಲ ಒಳಹುಳುವನ್ನೇ ಪರೀಕ್ಷಿಸಬೇಕು, ನನ್ನ ಹತ್ತಿರ ಇರುವುದು ಬರೀ ಚಿಪ್ಪು. ಚೀಟಿಯ ಮೇಲೆ ಬಳಗದ ಹೆಸರಷ್ಟೇ ಬರೆದು ಡಬ್ಬಿ ಮುಚ್ಚಿದೆ.