ಯುಎಸ್‌ಬಿ ಟ್ರಾನ್ಸ್‌ಫರ್ ಕೇಬಲ್ ಈಗಲೂ ಕೊಳ್ಳಬೇಕೆ?

ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಫೈಲು ಸಾಗಿಸಲೆಂದೇ ಮಾರುವ ಯುಎಸ್‌ಬಿ ಟ್ರಾನ್ಸ್‌ಫರ್ ಕೇಬಲ್ ನೋಡಲು ತೀರಾ ಸಾದಾ. ಎರಡೂ ತುದಿಗೆ ಚಪ್ಪಟೆ ಟೈಪ್-ಎ ಪ್ಲಗ್, ನಡುವೆ ಒಂದು ಪ್ಲಾಸ್ಟಿಕ್ ಗಂಟು. ಬೆಲೆಯೆಲ್ಲ ಆ ಗಂಟಿನಲ್ಲೇ ಇದೆ. ಗಂಟಿಲ್ಲದ ಎ-ಟು-ಎ ಕೇಬಲ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಎರಡು ಕಂಪ್ಯೂಟರುಗಳ ನಡುವೆ ಸಿಕ್ಕಿಸಬೇಡಿ.

ಯುಎಸ್‌ಬಿಯಲ್ಲಿ ಒಂದು ಕಡೆ ಹೋಸ್ಟ್, ಇನ್ನೊಂದು ಕಡೆ ಡಿವೈಸ್ ಇರಬೇಕು. ಕೇಳುವುದು ಹೋಸ್ಟ್, ಉತ್ತರಿಸುವುದು ಡಿವೈಸ್. ಕಂಪ್ಯೂಟರಿನ ಟೈಪ್-ಎ ಪೋರ್ಟು ಹೋಸ್ಟ್ ಪಾತ್ರಕ್ಕೇ ಮಾಡಿದ್ದು. ಹಾಗಾಗಿ ಸಾದಾ ತಂತಿ ಹಾಕಿದರೆ ಎರಡೂ ಕಡೆ ಕೇಳುವವರೇ, ಉತ್ತರಿಸುವವರಿಲ್ಲ, ಡೇಟಾ ಹರಿಯುವುದಿಲ್ಲ. ಹರಿಯುವುದು ಕರೆಂಟ್. ಎರಡೂ ಪೋರ್ಟುಗಳು 5 ವೋಲ್ಟ್ ಹೊರಗೆ ಕೊಡುತ್ತಿರುತ್ತವೆ. ಪೋರ್ಟಿನ ರಕ್ಷಣೆ ಗಟ್ಟಿಯಿದ್ದರೆ ಏನೂ ಆಗದೇ ಉಳಿಯಬಹುದು, ಇಲ್ಲದಿದ್ದರೆ ಪೋರ್ಟೇ ಸುಡಬಹುದು. ಒಂದು ಕಂಪ್ಯೂಟರ್ ಆಫ್ ಆಗಿದ್ದರೆ ಅದರ ಬೋರ್ಡಿಗೆ ಹಿಂಬಾಗಿಲಿನಿಂದ ಕರೆಂಟ್ ಹೋಗಿ, ಆಮೇಲೆ ಅದು ಸರಿಯಾಗಿ ಬೂಟ್ ಆಗದೆ ಸತಾಯಿಸುವುದೂ ಉಂಟು.

ಟ್ರಾನ್ಸ್‌ಫರ್ ಕೇಬಲಿನ ಗಂಟಿನೊಳಗೆ ಒಂದು ಬ್ರಿಡ್ಜ್ ಚಿಪ್ ಇರುತ್ತದೆ. ಅದು ಎರಡೂ ಕಂಪ್ಯೂಟರಿಗೆ ಡಿವೈಸ್ ಆಗಿಯೇ ಕಾಣಿಸಿಕೊಂಡು, ಒಂದು ಕಡೆ ಬಂದ ಡೇಟಾವನ್ನು ತನ್ನ ಪುಟ್ಟ ಬಫರಿನಲ್ಲಿ ಹಿಡಿದು ಇನ್ನೊಂದು ಕಡೆಗೆ ದಾಟಿಸುತ್ತದೆ. ಈ ಕೆಲಸಕ್ಕೆ ಹೆಚ್ಚಾಗಿ ಕಾಣಸಿಗುವುದು ಪ್ರೊಲಿಫಿಕ್ ಕಂಪನಿಯ ಚಿಪ್‌ಗಳು: ಯುಎಸ್‌ಬಿ 2.0ಗೆ ಪಿಎಲ್-25ಎ1, 3.0ಗೆ ಪಿಎಲ್-27ಎ1. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐಡಿ ತೆರೆದು ವಿಐಡಿ (ತಯಾರಕರ ಗುರುತಿನ ಸಂಖ್ಯೆ) 067ಬಿ ಎಂದಿದ್ದರೆ ಒಳಗಿರುವುದು ಪ್ರೊಲಿಫಿಕ್. ಪೆಟ್ಟಿಗೆಯ ಮೇಲೆ ಯಾವ ಹೆಸರು ಅಚ್ಚಾಗಿದೆ ಎನ್ನುವುದಕ್ಕಿಂತ ಈ ಸಾಲು ಹೆಚ್ಚು ಹೇಳುತ್ತದೆ.

ವೇಗದ ವಿಚಾರದಲ್ಲಿ ಪೆಟ್ಟಿಗೆಯನ್ನು ನಂಬಬೇಡಿ. 480 ಮೆಗಾಬಿಟ್ ಎಂದರೆ ಲೆಕ್ಕಕ್ಕೆ ಸೆಕೆಂಡಿಗೆ 60 ಮೆಗಾಬೈಟ್, 2.0 ಬ್ರಿಡ್ಜ್ ಕೇಬಲಿನಲ್ಲಿ ಕೈಗೆ ಸಿಗುವುದು ಸುಮಾರು 20ರಿಂದ 30. ಸೆಕೆಂಡಿಗೆ 25 ಮೆಗಾಬೈಟ್ ಹಿಡಿದರೆ 200 ಗಿಗಾಬೈಟ್ ಸಾಗಲು ಎರಡೂಕಾಲು ಗಂಟೆ. ಅದೂ ದೊಡ್ಡ ದೊಡ್ಡ ಫೈಲುಗಳಾದರೆ. ಸಾವಿರಾರು ಚಿಕ್ಕ ಫೈಲುಗಳಿದ್ದರೆ ಪ್ರತಿ ಫೈಲಿಗೂ ತೆರೆಯುವ, ಮುಚ್ಚುವ ಕೆಲಸ ಸೇರಿ ವೇಗ ನೆಲಕಚ್ಚುತ್ತದೆ. ಅಂಥ ಫೋಲ್ಡರನ್ನು ಮೊದಲು ಒಂದೇ ಜಿಪ್ ಮಾಡಿ ಕಳಿಸುವುದು ಮೇಲು. ಕಂಪ್ರೆಷನ್ ಇಲ್ಲದ 'ಸ್ಟೋರ್' ಆಯ್ಕೆ ಸಾಕು. 3.0 ಕೇಬಲ್ ಖಂಡಿತ ವೇಗ, ಆದರೆ ಎರಡೂ ತುದಿ 3.0 ಪೋರ್ಟಿಗೇ ಸೇರಬೇಕು. ಒಂದು ತುದಿ 2.0 ಪೋರ್ಟಿನಲ್ಲಿದ್ದರೆ ಇಡೀ ಸಾಗಾಟ ಅದರ ವೇಗಕ್ಕೇ ಇಳಿಯುತ್ತದೆ.

ಈ ಕೇಬಲಿನ ನಿಜವಾದ ಆಯಸ್ಸು ಇರುವುದು ಚಿಪ್ಪಿನಲ್ಲಲ್ಲ, ಸಾಫ್ಟ್‌ವೇರಿನಲ್ಲಿ. ಸಿಕ್ಕಿಸಿದ ಕೂಡಲೇ ಎರಡೂ ಕಂಪ್ಯೂಟರಿನಲ್ಲಿ ಫೋಲ್ಡರು ತೆರೆದುಕೊಳ್ಳುತ್ತದೆ ಎಂದುಕೊಳ್ಳಬೇಡಿ. ಹಲವು ಕೇಬಲುಗಳು ಮೊದಲು ಒಂದು ಸಿಡಿ ಡ್ರೈವಿನಂತೆ ಕಾಣಿಸಿಕೊಳ್ಳುತ್ತವೆ. ಅದರೊಳಗಿನ ಪ್ರೋಗ್ರಾಮನ್ನು ಎರಡೂ ಕಡೆ ಓಡಿಸಬೇಕು. ಆಟೋರನ್ ಆಗದಿದ್ದರೆ ಡ್ರೈವ್ ತೆರೆದು ಕೈಯಾರೆ ಕ್ಲಿಕ್ಕಿಸಿ. ಕಚೇರಿ ಕಂಪ್ಯೂಟರಿನಲ್ಲಿ ಆಂಟಿವೈರಸ್ಸೋ ಯುಎಸ್‌ಬಿ ನಿರ್ಬಂಧವೋ ಇದ್ದರೆ ಆಟ ಅಲ್ಲಿಗೇ ಮುಗಿಯಿತು. ವಿಂಡೋಸ್ ವಿಸ್ತಾ ಮತ್ತು 7ರ ಕಾಲದಲ್ಲಿ 'ಈಸಿ ಟ್ರಾನ್ಸ್‌ಫರ್' ಎಂಬ ಪ್ರೋಗ್ರಾಮು ಸಿಸ್ಟಮ್ಮಿನಲ್ಲೇ ಇತ್ತು, ಈ ಕೇಬಲುಗಳು ಜನಪ್ರಿಯವಾದದ್ದೂ ಆಗಲೇ. 8.1ರಲ್ಲಿ ಅದರಿಂದ ಕೇಬಲಿನ ಬೆಂಬಲ ಹೋಯಿತು, 10ರಲ್ಲಿ ಪ್ರೋಗ್ರಾಮೇ ಇಲ್ಲ. 'ಈಸಿ ಟ್ರಾನ್ಸ್‌ಫರ್ ಕೇಬಲ್' ಎಂದು ಇನ್ನೂ ಬರೆದುಕೊಂಡಿರುವ ಹಳೆ ಸ್ಟಾಕನ್ನು ಮುಟ್ಟಬೇಡಿ.

ಮ್ಯಾಕ್ ಬಳಸುವವರು ಇನ್ನೂ ಹುಷಾರಾಗಿರಬೇಕು. 2019ರ ಕೆಟಲಿನಾ ಆವೃತ್ತಿಯಿಂದ 32-ಬಿಟ್ ಪ್ರೋಗ್ರಾಮುಗಳು ಮ್ಯಾಕಿನಲ್ಲಿ ಓಡುವುದಿಲ್ಲ. ಅದಕ್ಕಿಂತ ಹಳೆಯ ಕೇಬಲಿನೊಳಗಿನ ಪ್ರೋಗ್ರಾಮು 32-ಬಿಟ್ ಆಗಿದ್ದರೆ ಕೇಬಲ್ ಇದ್ದೂ ಇಲ್ಲದಂತೆ. ಎಆರ್‌ಎಂ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪಿಗೆ ಪ್ರತ್ಯೇಕ ಡ್ರೈವರ್ ಬೇಕು, ಕೊಳ್ಳುವ ಮೊದಲೇ ವಿಚಾರಿಸಿ. ಲಿನಕ್ಸಿನಲ್ಲಿ ಮಾತ್ರ ಸುಖ: ಕರ್ನಲ್ಲಿನ ಪ್ಲಸ್‌ಬಿ ಡ್ರೈವರು ಮೇಲಿನ ಎರಡೂ ಚಿಪ್ಪುಗಳನ್ನು ಗುರುತಿಸಿ ನೆಟ್‌ವರ್ಕ್ ಕಾರ್ಡಿನಂತೆ ತೋರಿಸುತ್ತದೆ. ಎರಡೂ ಕಡೆ ಲಿನಕ್ಸ್ ಇದ್ದರೆ ಒಂದೊಂದು ಐಪಿ (ನೆಟ್‌ವರ್ಕ್ ವಿಳಾಸ) ಕೊಟ್ಟು, ಫೈಲು ನಕಲಿಸುವ ಆರ್‌ಸಿಂಕ್ ಎಂಬ ಪ್ರೋಗ್ರಾಮು ಓಡಿಸಿದರಾಯಿತು.

ಸಾಗಾಟ ಅರ್ಧಕ್ಕೆ ನಿಲ್ಲುತ್ತಿದ್ದರೆ ಮೊದಲು ಹಬ್ ತೆಗೆದು ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಹಾಕಿ. ಡೆಸ್ಕ್‌ಟಾಪಾದರೆ ಹಿಂಬದಿಯ ಪೋರ್ಟು. ಆಮೇಲೆ ಎರಡೂ ಕಡೆ ಸ್ಲೀಪ್ ಬಂದ್ ಮಾಡಿ, ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡನ್ನೂ ಬಂದ್ ಮಾಡಿ. ಬಹುಪಾಲು ತೊಂದರೆ ಇಷ್ಟರಲ್ಲೇ ಪರಿಹಾರವಾಗುತ್ತದೆ. ಒಂದು ಮಾತು: ಈ ಕೇಬಲ್ ಸಾಗಿಸುವುದು ಫೈಲುಗಳನ್ನು. ಇನ್‌ಸ್ಟಾಲ್ ಆದ ಪ್ರೋಗ್ರಾಮುಗಳ ಫೋಲ್ಡರ್ ಎಳೆದು ಹಾಕಿದರೆ ಅವು ಹೊಸದರಲ್ಲಿ ಓಡುವ ಭರವಸೆಯಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಹಾಗಾದರೆ ಕೊಳ್ಳಬೇಕೆ? ಒಂದು ಬಾರಿಯ ಸಾಗಾಟಕ್ಕಾದರೆ ಬೇಡ. ಆ ಕೆಲಸಕ್ಕೆ ಈಥರ್ನೆಟ್, ಅಂದರೆ ತಂತಿಯ ನೆಟ್‌ವರ್ಕ್, ಇದಕ್ಕಿಂತ ಮೇಲು. ಲ್ಯಾಪ್‌ಟಾಪಿನಲ್ಲಿ ಈಥರ್ನೆಟ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ಕೊಳ್ಳಿ. ಮುಂದೆಯೂ ಉಪಯೋಗಕ್ಕೆ ಬರುವ ವಸ್ತು. ನಡುವೆ ಮಾಮೂಲಿ ಕ್ಯಾಟ್-5ಇ ಕೇಬಲ್ ಸಾಕು, ಗಿಗಾಬಿಟ್ ಪೋರ್ಟುಗಳಿಗೆ ಒಳತಂತಿ ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲಿನ ಹಂಗಿಲ್ಲ. ಈಥರ್ನೆಟ್ಟಿನ ಐಪಿ ಸೆಟ್ಟಿಂಗಿನಲ್ಲಿ ಒಂದು ಕಂಪ್ಯೂಟರಿಗೆ 192.168.50.1, ಇನ್ನೊಂದಕ್ಕೆ 192.168.50.2, ಸಬ್‌ನೆಟ್ ಮಾಸ್ಕ್ 255.255.255.0 ಕೊಡಿ. ಗೇಟ್‌ವೇ ಖಾಲಿ ಬಿಡಿ, ಇಲ್ಲದಿದ್ದರೆ ವೈಫೈ ಇಂಟರ್ನೆಟ್ ದಾರಿ ತಪ್ಪೀತು. ನಿಮ್ಮ ವೈಫೈ ಇದೇ 192.168.50 ಸರಣಿಯಲ್ಲಿದ್ದರೆ ಬೇರೆ ಸರಣಿ ಆರಿಸಿ. ಫೋಲ್ಡರ್ ಶೇರ್ ಮಾಡಿ, ಇನ್ನೊಂದು ಕಂಪ್ಯೂಟರಿನ ಎಕ್ಸ್‌ಪ್ಲೋರರಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಮೊದಲನೆಯದರ ಐಪಿ ಬರೆಯಿರಿ. ಸೆಕೆಂಡಿಗೆ 110 ಮೆಗಾಬೈಟಿನ ಆಸುಪಾಸು ಬರುತ್ತದೆ. ಅದೇ 200 ಗಿಗಾಬೈಟ್ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ವಿಂಡೋಸಿನಲ್ಲಿ ಜನ ಎಡವುವುದು ಮೂರು ಕಡೆ. ನೆಟ್‌ವರ್ಕ್ 'ಪಬ್ಲಿಕ್' ಎಂದಿದ್ದರೆ ಫೈರ್‌ವಾಲ್ ಶೇರಿಂಗನ್ನು ತಡೆಯುತ್ತದೆ, ಅದನ್ನು 'ಪ್ರೈವೇಟ್' ಮಾಡಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ಬಿಡುವುದಿಲ್ಲ, ತಾತ್ಕಾಲಿಕವಾಗಿಯಾದರೂ ಒಂದು ಪಾಸ್‌ವರ್ಡ್ ಇಡಿ. ಮತ್ತೆ, ಕೇಳಿದಾಗ ಹಾಕಬೇಕಾದದ್ದು ಖಾತೆಯ ಪಾಸ್‌ವರ್ಡ್. ದಿನಾ ಒತ್ತುವ ಪಿನ್ ಇಲ್ಲಿ ನಡೆಯದು.

ಎರಡೂ ಲ್ಯಾಪ್‌ಟಾಪಿನಲ್ಲಿ ಥಂಡರ್‌ಬೋಲ್ಟ್ ಎಂಬ ಅತಿವೇಗದ ಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು. ಪೋರ್ಟಿನ ಪಕ್ಕದಲ್ಲಿ ಮಿಂಚಿನ ಬಾಣದ ಗುರುತಿದೆಯೇ ನೋಡಿ. ಥಂಡರ್‌ಬೋಲ್ಟ್ ಕೇಬಲ್ ಹಾಕಿದರೆ ಎರಡೂ ಕಡೆ ನೆಟ್‌ವರ್ಕ್ ಅಡಾಪ್ಟರೊಂದು ಹುಟ್ಟಿಕೊಳ್ಳುತ್ತದೆ. ಮ್ಯಾಕಿನಲ್ಲಿ ಅದರ ಹೆಸರು ಥಂಡರ್‌ಬೋಲ್ಟ್ ಬ್ರಿಡ್ಜ್, ಲಿನಕ್ಸಿನಲ್ಲಿ ಕರ್ನಲ್ 4.15ರಿಂದ ಬೆಂಬಲವಿದೆ. ಐಪಿ ಕೊಡದಿದ್ದರೂ 169.254ರಿಂದ ಶುರುವಾಗುವ ವಿಳಾಸ ತಾನೇ ಬರುತ್ತದೆ. ಮುಂದಿನ ಶೇರಿಂಗ್ ಈಥರ್ನೆಟ್ಟಿನಂತೆಯೇ. ವೇಗ ಗಿಗಾಬಿಟ್ಟಿಗಿಂತ ಎಷ್ಟೋ ಪಟ್ಟು ಹೆಚ್ಚು, ಆದರೆ ಹಳೆಯ ಕಂಪ್ಯೂಟರಿನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಈ ಖರ್ಚು ದಂಡ: ಆ ಡಿಸ್ಕು ಓದುವ ವೇಗವೇ ಹೆಚ್ಚೂಕಡಿಮೆ ಗಿಗಾಬಿಟ್ಟಿನಷ್ಟು. ಥಂಡರ್‌ಬೋಲ್ಟ್ ಇಲ್ಲದ ಎರಡು ಲ್ಯಾಪ್‌ಟಾಪುಗಳ ನಡುವೆ ಫೋನಿನ ಜೊತೆ ಬಂದ ಸಿ-ಟು-ಸಿ ಕೇಬಲ್ ಹಾಕಿದರೆ ಸುಡುವುದೇನಿಲ್ಲ, ಒಂದು ಇನ್ನೊಂದನ್ನು ಚಾರ್ಜ್ ಮಾಡಲು ಹೊರಡಬಹುದು ಅಷ್ಟೇ. ಫೈಲು ಮಾತ್ರ ಸಾಗದು.

ಬ್ರಿಡ್ಜ್ ಕೇಬಲಿಗೆ ಇನ್ನೂ ಬೆಲೆಯಿರುವುದು ಕೀಬೋರ್ಡ್-ಮೌಸ್ ಹಂಚುವ ಸೌಲಭ್ಯದಿಂದ. ಅಕ್ಕಪಕ್ಕ ಇಟ್ಟ ಎರಡು ಕಂಪ್ಯೂಟರುಗಳಲ್ಲಿ ಮೌಸಿನ ಬಾಣ ಒಂದರ ಪರದೆಯ ಅಂಚು ದಾಟಿ ಇನ್ನೊಂದಕ್ಕೆ ಹೋಗುತ್ತದೆ, ಒಂದರಲ್ಲಿ ಕಾಪಿ ಮಾಡಿದ್ದನ್ನು ಇನ್ನೊಂದರಲ್ಲಿ ಪೇಸ್ಟ್ ಮಾಡಬಹುದು. ನೆಟ್‌ವರ್ಕ್ ಬೇಕಾಗಿಲ್ಲ. ದಿನವೂ ಎರಡು ಯಂತ್ರಗಳಲ್ಲಿ ಕೆಲಸ ಮಾಡುವವರು ಇದಕ್ಕಾಗಿ 3.0 ಕೇಬಲ್ ಕೊಂಡರೆ ದುಡ್ಡು ದಂಡವಲ್ಲ. ಕೊಳ್ಳುವಾಗ ಉತ್ಪನ್ನದ ವಿವರದಲ್ಲಿ ನಿಮ್ಮ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಯ ಹೆಸರು ಇದೆಯೇ, ತಯಾರಕರ ತಾಣದಲ್ಲಿ ಸಾಫ್ಟ್‌ವೇರ್ ಇಳಿಸಿಕೊಳ್ಳಲು ಸಿಗುತ್ತದೆಯೇ ನೋಡಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಬಿಟ್ಟುಬಿಡಿ.

ಹಳೆಯ ಕಂಪ್ಯೂಟರ್ ಬೂಟೇ ಆಗದಿದ್ದರೆ ಈ ಯಾವ ಕೇಬಲೂ ಕೆಲಸಕ್ಕೆ ಬಾರದು. ಎಲ್ಲಕ್ಕೂ ಎರಡೂ ಕಡೆ ಸಿಸ್ಟಮ್ ಓಡುತ್ತಿರಬೇಕು. ಆಗ ಡಿಸ್ಕನ್ನೇ ಬಿಚ್ಚಿ ಯುಎಸ್‌ಬಿ ಎನ್‌ಕ್ಲೋಷರಿಗೆ ಹಾಕಿ ಓದಬೇಕು: ಸಾಟಾ ಜೋಡಣೆಯ ಡಿಸ್ಕಿಗೆ ಒಂದು ಬಗೆಯದು, ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗೆ ಇನ್ನೊಂದು. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲೇ ಹುಡುಕಿಟ್ಟುಕೊಳ್ಳಿ.